ಟ್ಯಾಲಡೇಗಾ ಜಾತ್ರೆಯಲ್ಲಿ ಮೂರು ರಾತ್ರಿ

"ಅಪ್ಪ, ಈ ಸಲ ಹೋಟೆಲ್ ಬೇಡ. ಮನೇನೇ ಓಡಿಸ್ಕೊಂಡು ಹೋಗೋಣ" ಎಂದ ಮಗ. 2023ರ ಏಪ್ರಿಲ್. ನಾವಿಬ್ಬರೂ ಚೆನ್ನೈನಿಂದ ಅಟ್ಲಾಂಟಾಕ್ಕೆ ಬಂದು ಹದಿನೈದು ದಿನವಾಗಿತ್ತು. ಮಾಲ್, ದೇವಸ್ಥಾನ, ಕಾಸ್ಟ್ಕೊ ಎಲ್ಲ ಮುಗಿದಿದ್ದವು.

"ಮನೆ ಓಡಿಸಿದರೆ ಬಚ್ಚಲು ಎಲ್ಲಿರುತ್ತೆ?" ಎಂದು ನನ್ನಾಕೆ ಕೇಳಿದಳು. ಅವಳ ಪ್ರವಾಸಗಳೆಲ್ಲ ಆ ಪ್ರಶ್ನೆಯಿಂದಲೇ ಶುರುವಾಗುತ್ತವೆ.

"ಒಳಗೇ ಇರುತ್ತೆ ಅಮ್ಮ. ಒಲೆ, ಫ್ರಿಜ್, ಮಂಚ ಎಲ್ಲ ಒಳಗೇ."

"ಎಲ್ಲಿಗೆ ಹೋಗೋದು?"

"ಕಾರ್ ರೇಸಿಗೆ."

ಅವಳು ನನ್ನ ಮುಖ ನೋಡಿದಳು. ತಪ್ಪು ನನ್ನದೇ ಎಂದು ಅವಳಿಗೆ ಗೊತ್ತು. ಈ ಹುಚ್ಚು ಹತ್ತಿದ್ದು ನನಗೆ, ಮಗನಿಗೆ ಬಂದದ್ದು ನನ್ನಿಂದ, ಒಂಬತ್ತು ವರ್ಷದ ಮೊಮ್ಮಗನಿಗೆ ದಾಟಿದ್ದು ಅವನಿಂದ.

1981ರಲ್ಲಿ ದೊಡ್ಡಬಳ್ಳಾಪುರ ಬಿಟ್ಟು ಮದ್ರಾಸಿನ ಅಂಬತ್ತೂರಿಗೆ ಕೆಲಸಕ್ಕೆ ಬಂದಾಗ ನನಗೆ ಆ ಊರಿನಲ್ಲಿ ಗೊತ್ತಿದ್ದದ್ದು ಎರಡೇ ಜಾಗ. ಒಂದು ನಮ್ಮ ಮೆಸ್. ಇನ್ನೊಂದು ಶೋಳವರಂ. ಊರಿನ ಉತ್ತರಕ್ಕೆ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯೊಂದು ಅಲ್ಲಿತ್ತು. ವಿಮಾನ ಇಳಿಯುವುದು ನಿಂತ ಮೇಲೆ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ಕಾರು, ಬೈಕು ಓಡಿಸುತ್ತಿದ್ದರು. ನಾವು ನಾಲ್ಕು ಜನ ರೂಮ್‌ಮೇಟ್‌ಗಳು ಮೊಸರನ್ನದ ಡಬ್ಬಿ ಹಿಡಿದು, ತಲೆಗೆ ಟವಲ್ ಸುತ್ತಿ, ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಕೂತಿರುತ್ತಿದ್ದೆವು. ಆಮೇಲೆ ಇರುಂಗಾಟ್ಟುಕೋಟೈನಲ್ಲಿ ಸರಿಯಾದ ಟ್ರ್ಯಾಕ್ ಬಂತು. ಶೋಳವರಂ ನಿಂತುಹೋಯಿತು. ಆದರೂ ಸುಟ್ಟ ಎಣ್ಣೆಯ ವಾಸನೆ ಬಂದರೆ ನನಗೆ ಈಗಲೂ ನೆನಪಾಗುವುದು ಆ ಮೊಸರನ್ನವೇ.

ಬಾಡಿಗೆಗೆ ಬಂದ ಆರ್‌ವಿ ಇಪ್ಪತ್ತೆಂಟು ಅಡಿ ಉದ್ದದ್ದು. ಮುಂಭಾಗ ವ್ಯಾನು, ಹಿಂಭಾಗ ಮನೆ. ಡ್ರೈವರ್ ತಲೆಯ ಮೇಲೆ ಅಟ್ಟದ ಹಾಗೆ ಒಂದು ಹಾಸಿಗೆ. ಅದನ್ನು ಮೊಮ್ಮಗ ನೋಡಿದ ಕ್ಷಣವೇ ಹಿಡಿದುಕೊಂಡ. ಮಗನ ಮಾಮೂಲಿ ಲೈಸೆನ್ಸೇ ಸಾಕಾಗಿತ್ತು. ಬಾಡಿಗೆ ಕೊಟ್ಟವರು ಮುಕ್ಕಾಲು ಗಂಟೆ ಪಾಠ ಮಾಡಿದರು. ಕುಡಿಯುವ, ತೊಳೆಯುವ ನೀರಿಗೆ ಒಂದು ಟ್ಯಾಂಕು, ಸುಮಾರು ನೂರೈವತ್ತು ಲೀಟರ್. ಸಿಂಕು ಮತ್ತು ಸ್ನಾನದ ಕೊಳೆನೀರಿಗೆ ಇನ್ನೊಂದು. ಪಾಯಿಖಾನೆಗೆ ಮೂರನೆಯದು. ಜನರೇಟರು ಗಾಡಿಯ ಪೆಟ್ರೋಲನ್ನೇ ಕುಡಿಯುತ್ತದೆ, ಆದರೆ ಪೆಟ್ರೋಲು ಕಾಲು ಟ್ಯಾಂಕಿಗೆ ಇಳಿದರೆ ತಾನಾಗಿ ನಿಂತುಬಿಡುತ್ತದೆ, ವಾಪಸ್ ಹೋಗಲು ಉಳಿಯಲಿ ಎಂದು. ಇದನ್ನು ಕೇಳಿ ನನಗೆ ಆ ಯಂತ್ರದ ಮೇಲೆ ಗೌರವ ಬಂತು. ಕೊನೆಯ ಮಾತು: ಮೇಲ್ಛಾವಣಿ ಹತ್ತುವಂತಿಲ್ಲ. ಅಲ್ಲಿ ಮೊಮ್ಮಗನ ಮುಖ ಸಪ್ಪಗಾಯಿತು.

ಶುಕ್ರವಾರ ಬೆಳಿಗ್ಗೆ ಹೊರಟೆವು. ಅಟ್ಲಾಂಟಾದಿಂದ ಪಶ್ಚಿಮಕ್ಕೆ ಐ-20 ಹೆದ್ದಾರಿ ಹಿಡಿದರೆ ನೂರು ಮೈಲಿಗಿಂತ ಸ್ವಲ್ಪ ಹೆಚ್ಚು. ಜಾರ್ಜಿಯಾ ದಾಟಿ ಅಲಬಾಮಾ ರಾಜ್ಯ ಹೊಕ್ಕೊಡನೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಬೀಳುತ್ತದೆ. "ಲಾಭ" ಎಂದಳು ನನ್ನಾಕೆ. ತಿರುವಿನಲ್ಲಿ ಡ್ರಾಯರುಗಳು ತೆರೆದುಕೊಂಡವು, ಒಗ್ಗರಣೆ ಡಬ್ಬಿ ನೆಲಕ್ಕೆ ಬಿದ್ದು ಸಾಸಿವೆ ಮನೆಯೆಲ್ಲ ಹರಡಿತು. ಸೋಮವಾರದವರೆಗೂ ಕಾಲಿಗೆ ಸಾಸಿವೆ ಸಿಗುತ್ತಲೇ ಇತ್ತು.

ಟ್ಯಾಲಡೇಗಾ ಟ್ರ್ಯಾಕು ಇರುವುದು ಊರಲ್ಲಲ್ಲ, ಹೊಲ ಮತ್ತು ಪೈನ್ ಮರಗಳ ನಡುವೆ. ಇದೂ ಹಿಂದೆ ಸೈನ್ಯದ ವಿಮಾನ ನಿಲ್ದಾಣವಿದ್ದ ಜಾಗ ಎಂದು ಮಗ ಹೇಳಿದಾಗ ನನಗೆ ಶೋಳವರಂ ನೆನಪಾಗಿ ಖುಷಿಯಾಯಿತು. ನ್ಯಾಸ್ಕಾರ್ ಕಟ್ಟಿದ ಬಿಲ್ ಫ್ರಾನ್ಸ್ 1969ರಲ್ಲಿ ಇದನ್ನು ತೆರೆದರು. ಒಂದು ಸುತ್ತು 2.66 ಮೈಲಿ, ಅಂದರೆ ನಾಲ್ಕೂಕಾಲು ಕಿಲೋಮೀಟರು. ತಿರುವುಗಳಲ್ಲಿ ರಸ್ತೆ 33 ಡಿಗ್ರಿ ಓರೆ. ಕೆಳಗೆ ನಿಂತು ನೋಡಿದರೆ ಅದು ರಸ್ತೆಯಲ್ಲ, ಕೆರೆಯ ಏರಿ. ಆ ಏರಿಯ ಮೇಲೆ ಕಾರು ಅಂಟಿಕೊಂಡು ಓಡುತ್ತದೆ. ನಾವು ಬಿಡಾರ ಹೂಡುವುದು ಆ ಕೆರೆಯ ಅಂಗಳದಲ್ಲಿ, ಟ್ರ್ಯಾಕಿನ ಒಳಗೇ. 2019ರ ನವೀಕರಣದಲ್ಲಿ ದೊಡ್ಡ ಗಾಡಿಗಳಿಗೆಂದೇ ತೋಡಿದ ಸುರಂಗದಿಂದ ನಮ್ಮ ಮನೆ ಒಳಗೆ ನುಸುಳಿತು.

ಒಳಗೆ ನೋಡಿದರೆ ಜಾತ್ರೆ! ಚಿಕ್ಕವನಿದ್ದಾಗ ನಮ್ಮ ತಾತ ನನ್ನನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕಮಾನು ಗಾಡಿಯಲ್ಲಿ ಕರೆದೊಯ್ಯುತ್ತಿದ್ದರು. ಹೋದ ಕೂಡಲೇ ಚಕ್ರಕ್ಕೆ ಕಲ್ಲು ಕೊಡುವುದು, ಎತ್ತು ಬಿಚ್ಚುವುದು, ಮೂರು ಕಲ್ಲಿಟ್ಟು ಒಲೆ ಹೂಡುವುದು, ರಾತ್ರಿ ಗಾಡಿಯ ಕೆಳಗೆ ಮಲಗುವುದು. ಪಕ್ಕದ ಗಾಡಿಯವರು ಯಾವ ಊರು, ಯಾವ ಜನ ಎಂದು ಕೇಳುವ ಮೊದಲೇ ಅವರ ಒಲೆಯಿಂದ ಕೆಂಡ ತಂದಿರುತ್ತಿದ್ದೆವು. ಇಲ್ಲಿಯೂ ಅದೇ. ಮಗ ಪ್ಲಾಸ್ಟಿಕ್ ಹಲಗೆಗಳನ್ನು ಚಕ್ರದ ಕೆಳಗಿಟ್ಟು ಗಾಡಿ ಸಮ ಮಾಡಿದ. ಹೊರಗೆ ಬಟ್ಟೆಯ ಚಪ್ಪರ ಇಳಿಸಿ ಮಡಿಸುವ ಕುರ್ಚಿ ಹಾಕಿದೆವು. ಕಣ್ಣು ಹಾಯುವವರೆಗೂ ಗಾಡಿಗಳು. ಕೋಟಿ ರೂಪಾಯಿಯ ಬಸ್ಸಿನಂಥವು, ಹಿಂದೆ ಕಟ್ಟಿ ಎಳೆಯುವ ಟ್ರೇಲರುಗಳು, ಪಿಕಪ್ ಹಿಂದಿನ ಬರಿಯ ಡೇರೆಗಳು. ಎಲ್ಲಕ್ಕೂ ಒಂದೊಂದು ಗಳ, ಗಳಕ್ಕೆ ನಾಲ್ಕಾರು ಬಾವುಟ. ದೇಶದ್ದು, ಕಾಲೇಜು ಫುಟ್‌ಬಾಲ್ ತಂಡದ್ದು, ಮೆಚ್ಚಿನ ಕಾರಿನ ನಂಬರಿನದು.

ನಮ್ಮ ಎಡಕ್ಕೆ ಒಂದು ಹಳೆಯ ಶಾಲಾ ಬಸ್ಸು. ಸೀಟು ಕಿತ್ತು, ಕಪ್ಪು ಬಣ್ಣ ಬಳಿದು, ಮೇಲೆ ಮರದ ಅಟ್ಟಣೆ ಕಟ್ಟಿ ಕಟಕಟೆ ಹಾಕಿದ್ದರು. ಎರಡೂ ಬದಿಗೆ ಆಳೆತ್ತರದ 3. ಅದು ಡೇಲ್ ಅರ್ನ್‌ಹಾರ್ಟ್ ಓಡಿಸಿದ ನಂಬರು. ಇಲ್ಲಿ ಹತ್ತು ಸಲ ಗೆದ್ದವನು. ಅವನ ಕೊನೆಯ ಗೆಲುವೂ 2000ದ ಅಕ್ಟೋಬರಿನಲ್ಲಿ ಇಲ್ಲೇ. ನಾಲ್ಕು ತಿಂಗಳ ನಂತರ ಡೇಟೋನಾದಲ್ಲಿ ಓಟದ ಕೊನೆಯ ಸುತ್ತಿನಲ್ಲಿ ಸತ್ತ. ಇಷ್ಟು ವರ್ಷದ ಮೇಲೂ ಅವನ ನಂಬರಿನ ಬಾವುಟ ಎಲ್ಲ ಕಡೆ ಹಾರುತ್ತದೆ.

ಬಸ್ಸಿನ ಯಜಮಾನರಿಗೆ ನನಗಿಂತ ಐದಾರು ವರ್ಷ ಹೆಚ್ಚಿರಬೇಕು. ಬಿಳಿ ಗಡ್ಡ, ನೀಲಿ ಬಾಬ್ ಪ್ಯಾಂಟು. ನನಗೆ "ಸರ್", ನನ್ನಾಕೆಗೆ "ಮ್ಯಾಮ್" ಬಿಟ್ಟು ಮಾತಿಲ್ಲ. ಮೊಮ್ಮಗ ಅವರಿಗೆ "ಮೂರು ತಾತ" ಎಂದು ಹೆಸರಿಟ್ಟ. ನಾವು ಇಳಿದು ಅರ್ಧ ಗಂಟೆಯೊಳಗೆ ಅವರ ಹೆಂಡತಿ ಒಂದು ಪಾತ್ರೆ ತಂದು ಕೊಟ್ಟರು. ನನ್ನಾಕೆ ಅನುಮಾನದಿಂದಲೇ ಮುಚ್ಚಳ ತೆಗೆದಳು. ಒಳಗೆ ಉಪ್ಪು ಹಾಕಿ ಬೇಯಿಸಿದ ಕಡ್ಲೆಕಾಯಿ! ಸಿಪ್ಪೆ ಸಮೇತ, ಹಬೆಯಾಡುತ್ತ, ಥೇಟ್ ನಮ್ಮ ಬಸವನಗುಡಿ ಪರಿಷೆಯದು. ಅಲಬಾಮಾ, ಜಾರ್ಜಿಯಾದ ಕಡೆ ಇದು ರಸ್ತೆ ಬದಿಯ ತಿಂಡಿಯಂತೆ. ಖಾಲಿ ಪಾತ್ರೆ ವಾಪಸ್ ಕೊಡಬಾರದಲ್ಲ, ಚಿತ್ರಾನ್ನ ತುಂಬಿ ಕೊಟ್ಟಳು. ಅದರಲ್ಲೂ ಕಡ್ಲೆಬೀಜ ಸಿಕ್ಕಿದ್ದು ನೋಡಿ ಆಕೆ ಬಿದ್ದು ಬಿದ್ದು ನಕ್ಕರು.

ಮೂರು ತಾತ ಮೊಮ್ಮಗನಿಗೆ ಓಟದ ಒಳಗುಟ್ಟು ಹೇಳಿಕೊಟ್ಟರು. 1987ರಲ್ಲಿ ಬಿಲ್ ಎಲಿಯಟ್ ಇಲ್ಲಿ ಗಂಟೆಗೆ 212.809 ಮೈಲಿ ವೇಗದಲ್ಲಿ ಸುತ್ತು ಹೊಡೆದ. ನಮ್ಮ ಲೆಕ್ಕದಲ್ಲಿ 342 ಕಿಲೋಮೀಟರು. ಅದೇ ವಾರ ಓಟದಲ್ಲಿ ಬಾಬಿ ಆಲಿಸನ್ನನ ಕಾರು ಎದ್ದು ಪ್ರೇಕ್ಷಕರ ಮುಂದಿನ ಬೇಲಿಗೆ ಬಡಿಯಿತು. ಮರುವರ್ಷದಿಂದ ಎಂಜಿನ್ನಿಗೆ ಹೋಗುವ ಗಾಳಿಯನ್ನು ತೂತಿನ ತಟ್ಟೆ ಹಾಕಿ ಕಡಿಮೆ ಮಾಡಿದರು. ಶಕ್ತಿ ಕಡಿಮೆಯಾದ್ದರಿಂದ ಯಾವ ಕಾರೂ ಒಂಟಿಯಾಗಿ ಮುಂದೆ ಹೋಗಲಾರದು. ಮುಂದಿನ ಕಾರು ಗಾಳಿ ಸೀಳಿಕೊಟ್ಟರೆ ಹಿಂದಿನದಕ್ಕೆ ದಾರಿ ಹಗುರ, ಹಿಂದಿನದು ಒತ್ತಿ ಬಂದರೆ ಮುಂದಿನದಕ್ಕೂ ಲಾಭ. ಹಾಗಾಗಿ ನಲವತ್ತರ ಹತ್ತಿರ ಕಾರುಗಳು ಮಂದೆಯ ಹಾಗೆ, ಒಂದಕ್ಕೊಂದು ಅಂಟಿಕೊಂಡು, ಗಂಟೆಗೆ ಮುನ್ನೂರು ಕಿಲೋಮೀಟರಿನಲ್ಲಿ ಓಡುತ್ತವೆ. ಒಬ್ಬ ತಪ್ಪಿದರೆ ಹತ್ತು ಹದಿನೈದು ಕಾರು ಒಟ್ಟಿಗೆ ಪುಡಿ. "ಇಲ್ಲಿ ಪಕ್ಕದವನನ್ನು ನಂಬದೆ ಗೆಲ್ಲೋಕಾಗಲ್ಲ. ಕೊನೇ ಸುತ್ತಲ್ಲಿ ನಂಬಿದರೂ ಗೆಲ್ಲೋಕಾಗಲ್ಲ" ಎಂದರು.

ಶನಿವಾರ ಕೆಳದರ್ಜೆಯ ಓಟಗಳು. ಅಂದೇ ಸಂಜೆ ನಮ್ಮ ಮನೆಗೆ ಕಷ್ಟ ಬಂತು. ಸ್ನಾನದ ತೊಟ್ಟಿಯಲ್ಲಿ ಅನ್ನದ ಅಗುಳು ತೇಲುತ್ತ ಕೊಳೆನೀರು ಮೇಲೆ ಬಂದಿತು. ನನ್ನಾಕೆ ಎರಡು ದಿನವೂ ಅಕ್ಕಿಯನ್ನು ಮೂರು ಸಲ ತೊಳೆದು, ಪಾತ್ರೆಗಳನ್ನು ಮನೆಯ ಹಾಗೆ ನೀರು ಬಿಟ್ಟು ಬೆಳಗಿದ್ದಳು. ಕೊಳೆನೀರಿನ ಟ್ಯಾಂಕು ತುಂಬಿ ಉಕ್ಕಿತ್ತು. ನೆಲಕ್ಕೆ ಬಿಡುವುದು ನಿಷಿದ್ಧ. ಹೀರಿಕೊಳ್ಳುವ ಲಾರಿ ಆ ಹೊತ್ತಿಗೆ ಮೈದಾನದ ಆಚೆ ತುದಿಯಲ್ಲಿತ್ತು. ಮಗ ತಲೆ ಮೇಲೆ ಕೈ ಹೊತ್ತ. ಸೊಸೆ ಮಗ್ಗಿನಲ್ಲಿ ನೀರು ಮೊಗೆಯಲು ಶುರು ಮಾಡಿದಳು.

ಮೂರು ತಾತ ಕೇಳಿಸಿಕೊಂಡು ಬಂದರು. ತಮ್ಮ ಬಸ್ಸಿನ ಹಿಂದಿನಿಂದ ಗಾಲಿ ಹಚ್ಚಿದ ಪ್ಲಾಸ್ಟಿಕ್ ತೊಟ್ಟಿ ಎಳೆದು ತಂದು, ಕೈಗವಸು ಹಾಕಿ, ನಮ್ಮ ಗಾಡಿಯ ಕೆಳಗೆ ತಾವೇ ಮಲಗಿ ಪೈಪು ಜೋಡಿಸಿದರು. ಮಗ "ನಾನು ಮಾಡ್ತೀನಿ ಸರ್" ಎಂದರೂ ಬಿಡಲಿಲ್ಲ. ಬೇರೆಯವರ ಮನೆಯ ಕೊಳೆನೀರನ್ನು ಆ ವಯಸ್ಸಿನ ಮನುಷ್ಯ ಎರಡು ಸಲ ತುಂಬಿ, ನನ್ನ ಮಗನ ಜೊತೆ ಎಳೆದುಕೊಂಡು ಹೋಗಿ ಸುರಿದು ಬಂದರು.

ಕೈ ತೊಳೆದ ಮೇಲೆ ನನ್ನನ್ನು ಬಸ್ಸಿನೊಳಗೆ ಕರೆದರು. ಅಚ್ಚುಕಟ್ಟಾದ ಮರಗೆಲಸ, ಎಲ್ಲ ಸ್ವಂತದ್ದು. ಗೋಡೆಗೆ ಅರ್ನ್‌ಹಾರ್ಟ್ ಚಿತ್ರ, ಸೈನಿಕನ ಉಡುಪಿನಲ್ಲಿ ಮಗನ ಚಿತ್ರ. "ನಿಮ್ಮ ಗಾಡಿ ಮೇಲೆ ಹತ್ತೋ ಹಾಗಿಲ್ಲವಲ್ಲ. ನಾಳೆ ಎಲ್ಲರೂ ನಮ್ಮ ಬಸ್ ಮೇಲೆ ಬನ್ನಿ, ಹುಡುಗನಿಗೆ ಚೆನ್ನಾಗಿ ಕಾಣುತ್ತೆ" ಎಂದರು. ನಾನು ಒಪ್ಪಿ ತಲೆಯಾಡಿಸುತ್ತ ತಿರುಗಿದಾಗ ಮಂಚದ ಕಾಲಕಡೆ ಮಡಿಸಿಟ್ಟ ಹೊದಿಕೆ ಕಂಡಿತು. ಕೆಂಪು ಬಟ್ಟೆ, ಓರೆಯಾಗಿ ನೀಲಿ ಪಟ್ಟಿ, ಅದರ ಮೇಲೆ ಬಿಳಿ ನಕ್ಷತ್ರ. ತೊಳೆದು ತೊಳೆದು ಬಣ್ಣ ಮಾಸಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. ಅದನ್ನು ಮುಚ್ಚಲೂ ಇಲ್ಲ, ಅದರ ಬಗ್ಗೆ ಏನೂ ಹೇಳಲೂ ಇಲ್ಲ.

ಅದು ಕಾನ್ಫೆಡರೇಟ್ ಬಾವುಟ. 1861ರಿಂದ 65ರವರೆಗೆ ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದು ಯುದ್ಧಕ್ಕೆ ನಿಂತ ದಕ್ಷಿಣದ ರಾಜ್ಯಗಳ ಗುರುತು. ಹಿಂದೆ ಈ ಮೈದಾನದ ತುಂಬ ಅದು ಹಾರುತ್ತಿತ್ತು. 2020ರ ಜೂನ್‌ನಲ್ಲಿ ನ್ಯಾಸ್ಕಾರ್ ಅದನ್ನು ತನ್ನ ಎಲ್ಲ ಓಟಗಳಲ್ಲಿ ನಿಷೇಧಿಸಿತು. ಬಹಿರಂಗವಾಗಿ ಕೇಳಿದವನು ಬಬ್ಬಾ ವಾಲೆಸ್, ಆಗ ಮೇಲ್ದರ್ಜೆಯಲ್ಲಿ ಪೂರ್ತಿ ಹೊತ್ತು ಓಡಿಸುತ್ತಿದ್ದ ಒಬ್ಬನೇ ಕಪ್ಪು ಚಾಲಕ. ಅವನು ಹುಟ್ಟಿದ್ದು ಇದೇ ಅಲಬಾಮಾದ ಮೊಬೈಲ್ ಎಂಬ ಊರಿನಲ್ಲಿ. ಅದೇ ತಿಂಗಳು ಇಲ್ಲಿ ಅವನಿಗೆ ಕೊಟ್ಟಿದ್ದ ಗ್ಯಾರೇಜಿನ ಬಾಗಿಲ ಹಗ್ಗದಲ್ಲಿ ನೇಣಿನ ಕುಣಿಕೆ ಕಂಡು ದೇಶವೇ ಗದ್ದಲವಾಯಿತು. ಅದು ಹಿಂದಿನ ವರ್ಷದ ಅಕ್ಟೋಬರಿನಿಂದಲೂ ಅಲ್ಲೇ ಇತ್ತು, ಅವನಿಗೆಂದು ಕಟ್ಟಿದ್ದಲ್ಲ ಎಂದು ಎಫ್‌ಬಿಐ ತನಿಖೆ ಹೇಳಿತು. ಆದರೆ ಆ ವರದಿ ಬರುವ ಮೊದಲೇ, ಓಟದ ದಿನ, ಉಳಿದ ಚಾಲಕರೆಲ್ಲ ಸೇರಿ ಅವನ ಕಾರನ್ನು ಸಾಲಿನ ಮುಂದಕ್ಕೆ ತಳ್ಳಿಕೊಂಡು ಬಂದಿದ್ದರು. 2021ರ ಅಕ್ಟೋಬರಿನಲ್ಲಿ ವಾಲೆಸ್ ತನ್ನ ಮೊದಲ ಗೆಲುವು ಪಡೆದದ್ದೂ ಇಲ್ಲೇ. 1963ರಲ್ಲಿ ವೆಂಡೆಲ್ ಸ್ಕಾಟ್ ಗೆದ್ದ ಮೇಲೆ ಈ ದರ್ಜೆಯಲ್ಲಿ ಗೆದ್ದ ಎರಡನೇ ಕಪ್ಪು ಮನುಷ್ಯ ಅವನು.

ನಮ್ಮ ಮೊಮ್ಮಗನ ಮೆಚ್ಚಿನ ಚಾಲಕ ಇದೇ ಬಬ್ಬಾ ವಾಲೆಸ್. ಭಾನುವಾರಕ್ಕೆಂದು 23 ಎಂದು ಬರೆದ ಶರ್ಟನ್ನು ದಿಂಬಿನ ಕೆಳಗೆ ಮಡಿಸಿಟ್ಟುಕೊಂಡಿದ್ದ.

ರಾತ್ರಿ ಅವನು ಮಲಗಿದ ಮೇಲೆ ಹೊರಗೆ ಚಪ್ಪರದ ಕೆಳಗೆ ಕೂತೆವು. ದೂರದಲ್ಲಿ ಟ್ಯಾಲಡೇಗಾ ಬುಲೆವಾರ್ಡ್ ಎಂಬ ಒಳರಸ್ತೆಯಲ್ಲಿ ಹಾಡು, ಕುಣಿತ, ಕುಡಿತ. ನಾನು ಕಂಡದ್ದನ್ನು ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ನಾಳೆ ಆ ಶರ್ಟ್ ಬೇಡ ಅಪ್ಪ. ಅವರ ಬಸ್ ಮೇಲೂ ಬೇಡ. ಕೆಳಗಿಂದಲೇ ನೋಡಿದರಾಯ್ತು."

"ಅವನು ಯಾಕೆ ಅಂತ ಕೇಳಿದರೆ?"

"ಒಗೆಯೋಕೆ ಹಾಕಿದೀವಿ ಅಂತ ಹೇಳೋಣ."

"ಒಗೆಯೋ ನೀರೆಲ್ಲ ಅವರೇ ಹೊತ್ತುಕೊಂಡು ಹೋದರಲ್ಲ" ಎಂದಳು ನನ್ನಾಕೆ.

ಯಾರೂ ನಗಲಿಲ್ಲ. ಮಗ ಹೇಳಿದ್ದು ತಪ್ಪು ಎನ್ನುವ ಯೋಗ್ಯತೆ ನನಗಿರಲಿಲ್ಲ. 2016ರ ಸೆಪ್ಟೆಂಬರ್ ನಿಮಗೆಲ್ಲ ನೆನಪಿರಬಹುದು. ಕಾವೇರಿ ಗಲಾಟೆ. 12ನೇ ತಾರೀಖು ಬೆಂಗಳೂರಿನಲ್ಲಿ ತಮಿಳುನಾಡಿನ ನಂಬರಿನ ಬಸ್ಸುಗಳು ಸಾಲಾಗಿ ಸುಟ್ಟವು. ಚೆನ್ನೈನಲ್ಲಿ ನನ್ನ ಕಾರು ಕೆಎ ನಂಬರಿನದು. ಎರಡು ವರ್ಷ ಬೆಂಗಳೂರಿಗೆ ವರ್ಗವಾಗಿದ್ದಾಗ ಕೊಂಡದ್ದು, ವಾಪಸ್ ಬಂದ ಮೇಲೆ ನೋಂದಣಿ ಬದಲಾಯಿಸಲು ಸೋಮಾರಿತನ. ಮುಂದಿನ ಗಾಜಿನ ಮೂಲೆಯಲ್ಲಿ ಬೆರಳಗಲದ ಹಳದಿ ಕೆಂಪು ಬಾವುಟದ ಸ್ಟಿಕ್ಕರು. ಆ ರಾತ್ರಿ ಹನ್ನೊಂದಕ್ಕೆ ಕಳ್ಳನ ಹಾಗೆ ಕೆಳಗಿಳಿದು, ಉಗುರಿನಿಂದ ಅದನ್ನು ಕೆರೆದು ತೆಗೆದೆ.

ಕೆರೆಯುತ್ತಿದ್ದಾಗ ಕೆಳಮನೆಯ ತಮಿಳು ಯಜಮಾನರು ಬಾಗಿಲು ತೆರೆದರು. ಪ್ರತಿ ಬೇಸಿಗೆಯಲ್ಲೂ "ನಿಮ್ಮವರು ನೀರು ಬಿಡಲ್ಲ" ಎಂದು ಮೆಟ್ಟಿಲ ಮೇಲೆ ನಿಂತು ನನಗೆ ಭಾಷಣ ಮಾಡುತ್ತಿದ್ದವರು. ಏನೂ ಕೇಳದೆ ಒಳಗೆ ಹೋಗಿ ತಮ್ಮ ಕಾರಿನ ಹೊದಿಕೆ ತಂದು ನನ್ನ ಕಾರಿಗೆ ಹೊದಿಸಿ, ನಂಬರ್ ಪ್ಲೇಟಿಗೆ ಅಡ್ಡವಾಗಿ ತಮ್ಮ ಸ್ಕೂಟರ್ ನಿಲ್ಲಿಸಿದರು. ಹತ್ತು ದಿನ ಅವರ ಕಾರು ಬಿಸಿಲಲ್ಲಿತ್ತು. ಭಾಷಣ ಮಾತ್ರ ಮುಂದಿನ ಬೇಸಿಗೆಯಲ್ಲೂ ನಿಲ್ಲಲಿಲ್ಲ.

ನೀರಿನ ಜಗಳ ಬೇರೆ, ಮನುಷ್ಯರನ್ನು ಮಾರುತ್ತಿದ್ದವರ ಬಾವುಟ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂದು ನನಗೆ ಗೊತ್ತು. ನಾನು ಹೇಳುವುದು ಹೆದರಿಕೆಯ ಮಾತು. ಸ್ಟಿಕ್ಕರ್ ಕೆರೆಯುವ ಉಗುರಿಗೂ ಶರ್ಟ್ ಬಚ್ಚಿಡುವ ಕೈಗೂ ಇರುವುದು ಅದೇ ಹೆದರಿಕೆ. ನಾನು ಆವತ್ತು ಬೆದರಿದ್ದು ಬೇಕಾಗಿತ್ತೋ ಬೇಡವಾಗಿತ್ತೋ ತಿಳಿಯದು. ಆದರೆ ಗಲಾಟೆ ಮುಗಿದ ಮೇಲೂ ಆ ಸ್ಟಿಕ್ಕರನ್ನು ನಾನು ಮತ್ತೆ ಅಂಟಿಸಲಿಲ್ಲ. ಅದು ಮಾತ್ರ ಇವತ್ತಿಗೂ ಚುಚ್ಚುತ್ತದೆ. ಇದನ್ನೆಲ್ಲ ಮಗನಿಗೆ ಅಂದೇ ಮೊದಲ ಸಲ ಹೇಳಿದೆ.

ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ಹೊತ್ತಿಗೆ ಮೊಮ್ಮಗ ಅಟ್ಟದಿಂದ ಇಳಿದ. ಮೈಮೇಲೆ ಶರ್ಟು, ಎದೆಯಗಲ 23. ಸೊಸೆ ಮಗನ ಮುಖ ನೋಡಿದಳು, ಮಗ ನನ್ನ ಮುಖ ನೋಡಿದ.

"ಇರಲಿ ಬಿಡು" ಎಂದೆ.

ಮಧ್ಯಾಹ್ನ ಐದು ಜನರೂ ಏಣಿ ಹತ್ತಿದೆವು. ಅಟ್ಟಣೆಯ ಮೇಲೆ ಅವರ ನೆಂಟರು, ಗೆಳೆಯರು ಎಂಟು ಹತ್ತು ಜನ, ಒಂದು ಸಣ್ಣ ಟಿವಿ. ಮೂರು ತಾತ ಶರ್ಟು ನೋಡಿದರು. ಟೋಪಿ ಹಾಕಿದ ಒಬ್ಬ ಅದನ್ನು ನೋಡಿ ಮುಖ ಆಚೆ ತಿರುಗಿಸಿದ್ದೂ ನನಗೆ ಕಂಡಿತು. ಮೂರು ತಾತ ಹುಡುಗನಿಗೆ ಕಿವಿಮುಚ್ಚುವ ಹೆಡ್‌ಫೋನ್ ಕೊಟ್ಟು, ಕಟಕಟೆಯ ಹತ್ತಿರದ ಒಳ್ಳೆಯ ಜಾಗ ಬಿಡಿಸಿ ಕೂರಿಸಿದರು. "ಇಪ್ಪತ್ಮೂರು ಎರಡನೇ ಸ್ಥಾನ ಬರಲಿ, ನನ್ನ ಅಭ್ಯಂತರ ಇಲ್ಲ" ಎಂದರು. ಹುಡುಗ "ನಿಮ್ಮದು ಎರಡನೇದು" ಎಂದ. ಚಾಲಕರ ಹೆಸರು ಕೂಗುವಾಗ ವಾಲೆಸ್‌ಗೆ ಚಪ್ಪಾಳೆಯೂ ಕೇಳಿತು, ಊಳಿಡುವುದೂ ಕೇಳಿತು.

"ನಮ್ಮೋರು ಯಾರಾದ್ರೂ ಓಡಿಸಿದಾರಾ ತಾತ?" ಎಂದು ಮೊಮ್ಮಗ ಕೇಳಿದ. ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2010ರಲ್ಲಿ ನ್ಯಾಸ್ಕಾರಿನ ಟ್ರಕ್ ದರ್ಜೆಯಲ್ಲಿ ಓಡಿಸಿದ್ದನ್ನು ಹೇಳಿದೆ. ಆಗ ಆ ದರ್ಜೆಗೆ ಪ್ರಾಯೋಜಕರು ಕ್ಯಾಂಪಿಂಗ್ ವರ್ಲ್ಡ್ ಎಂಬ ಆರ್‌ವಿ ಮಾರುವ ಕಂಪನಿಯವರೇ. ತಮಿಳುನಾಡಿನವರನ್ನು "ನಮ್ಮೋರು" ಎಂದು ಅಷ್ಟು ಸಲೀಸಾಗಿ ಹೇಳಿಬಿಟ್ಟೆನಲ್ಲ ಎಂದು ಆಮೇಲೆ ಹೊಳೆಯಿತು.

ಓಟ ಶುರುವಾದಾಗ ಮೊದಲು ಅಟ್ಟಣೆ ನಡುಗಿತು, ಆಮೇಲೆ ನಮ್ಮ ಎದೆಗೂಡು. ಕಾರುಗಳ ಮಂದೆ ಕಣ್ಣಮುಂದೆ ಹಾಯುವುದಕ್ಕೆ ಎರಡು ಮೂರು ಸೆಕೆಂಡು. ಹೋದ ಮೇಲೆ ಬಿಸಿಗಾಳಿ, ಸುಟ್ಟ ರಬ್ಬರಿನ ವಾಸನೆ. ಐವತ್ತು ಸೆಕೆಂಡಿನಲ್ಲಿ ಮತ್ತೆ ಪ್ರತ್ಯಕ್ಷ. ನನ್ನಾಕೆ ಕಿವಿಗೆ ಹತ್ತಿ ಇಟ್ಟು, ಅದರ ಮೇಲೆ ಸೆರಗು ಸುತ್ತಿ, ಕಡ್ಲೆಕಾಯಿ ಸುಲಿಯುತ್ತ ಕೂತಳು. ಅರ್ಧ ಓಟ ಮುಗಿಯುವ ಹೊತ್ತಿಗೆ ಅವಳೂ ಎದ್ದು ನಿಂತಿದ್ದಳು.

188 ಸುತ್ತು, 500 ಮೈಲಿಗೆ ಮುಗಿಯಬೇಕಾದ ಓಟ ಕೊನೆಯ ಅಪಘಾತಗಳಿಂದ ಎಳೆದು 196ಕ್ಕೆ ಹೋಯಿತು. ಕೊನೆಯ ಸುತ್ತು ಶುರುವಾದಾಗ ಮುಂದಿದ್ದದ್ದು 23! ಮೊಮ್ಮಗ ಕಟಕಟೆ ಹಿಡಿದು ಕುಣಿಯುತ್ತಿದ್ದ. ಹಿಂದಿನಿಂದ ರಯಾನ್ ಬ್ಲೇನಿ ನುಗ್ಗಿ ಬಂದ. ವಾಲೆಸ್ ಅಡ್ಡಗಟ್ಟಲು ಹೊರಳಿದ, ತಗುಲಿತು, ಕಾರು ತಿರುಗಿಹೋಯಿತು. ಹಳದಿ ದೀಪ. ಆ ಗಳಿಗೆಯಲ್ಲಿ ಮುಂದಿದ್ದವನು 8ನೇ ನಂಬರಿನ ಕೈಲ್ ಬುಶ್. ಅವನೇ ಗೆದ್ದ. ಆ ಕಾರು ರಿಚರ್ಡ್ ಚಿಲ್ಡ್ರೆಸ್ ಅವರ ತಂಡದ್ದು, ಅರ್ನ್‌ಹಾರ್ಟ್ ಓಡಿಸುತ್ತಿದ್ದ ಅದೇ ಮನೆ.

ಸುತ್ತಮುತ್ತ ಒಂದು ದೊಡ್ಡ ಕೂಗು ಎದ್ದಿತು. ನಮ್ಮ ಅಟ್ಟಣೆಯ ಮೇಲೂ. ಮೂರು ತಾತನೂ ಎರಡೂ ಕೈ ಎತ್ತಿ ಕೂಗಿದರು. 8 ಗೆದ್ದದ್ದಕ್ಕೆ ಕೂಗಿದವರೆಷ್ಟು, 23 ಬಿದ್ದದ್ದಕ್ಕೆ ಕೂಗಿದವರೆಷ್ಟು? ಕೂಗಿನಲ್ಲಿ ಅದು ಬೇರೆಬೇರೆಯಾಗಿ ಕೇಳಿಸುವುದಿಲ್ಲ. ಮೊಮ್ಮಗ ಹೆಡ್‌ಫೋನ್ ತೆಗೆದ, ಆ ಕೂಗು ಕೇಳಿದ, ಅಳತೊಡಗಿದ. ಶರ್ಟಿನ ತುದಿಯಿಂದಲೇ ಕಣ್ಣೊರೆಸಿಕೊಂಡ. ನಾನು "ಇರಲಿ ಬಿಡು" ಎಂದದ್ದು ಸರಿಯೇ ಎಂದು ನನಗೇ ಅನುಮಾನವಾಯಿತು.

ಮೂರು ತಾತ ಸದ್ದಡಗಿದ ಮೇಲೆ ಬಂದು, ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಅವನ ಪಕ್ಕ ಕೂತರು.

"ನಿಮ್ಮವನು ಯಾಕೆ ಅಡ್ಡ ಬಂದ ಗೊತ್ತಾ?"

ಹುಡುಗ ತಲೆಯಾಡಿಸಲಿಲ್ಲ.

"ಗೆಲ್ಲಬೇಕಿತ್ತು, ಅದಕ್ಕೆ. ಕೊನೇ ಸುತ್ತಲ್ಲಿ ಮುಂದಿರೋನು ಅಡ್ಡ ಬರಲೇಬೇಕು. ಡೇಲ್ ಇದ್ದಿದ್ದರೂ ಅದನ್ನೇ ಮಾಡ್ತಿದ್ದ." ತಮ್ಮ ಎದೆಯ ಮೇಲಿನ 3ನ್ನು ಬೆರಳಿನಿಂದ ತಟ್ಟಿದರು.

ಆ ಮನುಷ್ಯನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಾರದು. ಅವರ ಮಂಚದ ಮೇಲೆ ಆ ಹೊದಿಕೆ ಅಂದು ರಾತ್ರಿಯೂ ಇದ್ದಿರಬೇಕು. ಅದರ ಬಗ್ಗೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಅತಿಥಿಯ ಮರ್ಯಾದೆ ಎಂದು ಸಮಾಧಾನ ಹೇಳಿಕೊಂಡೆ. ಆ ಬಾವುಟದ ಕೆಳಗೆ ನರಳಿದವರ ಮಕ್ಕಳಿಗೆ ಈ ಕಥೆ ಇಷ್ಟು ಸುಲಭವಾಗಿ ಹಿಡಿಸಲಿಕ್ಕಿಲ್ಲ ಎಂದೂ ಗೊತ್ತು. ನಾನು ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ: ಹೊದಿಕೆಯೂ ನಿಜ, ಕೊಳೆನೀರಿನ ತೊಟ್ಟಿಯೂ ನಿಜ.

ಸೋಮವಾರ ಬೆಳಿಗ್ಗೆ ಜಾತ್ರೆ ಕರಗಿತು. ಹತ್ತು ಗಂಟೆಗೆ ನೋಡಿದರೆ ಮೂರು ದಿನದ ಊರು ಇದ್ದ ಕಡೆ ತುಳಿದ ಹುಲ್ಲು, ಬೂದಿ ಮತ್ತು ಕಡ್ಲೆಕಾಯಿ ಸಿಪ್ಪೆ. ನಾವು ಟ್ಯಾಂಕು ಖಾಲಿ ಮಾಡಿ, ಪೆಟ್ರೋಲು ತುಂಬಿಸಿ, ಸಾಸಿವೆ ಗುಡಿಸಿ ಗಾಡಿ ಒಪ್ಪಿಸಿದೆವು.

ಮಕ್ಕಳ ಮನೆಗೆ ಹೋಗುವ ನಿಮ್ಮಲ್ಲಿ ಯಾರಾದರೂ ಇಂಥ ಪ್ರಯಾಣ ಮಾಡುವುದಾದರೆ ಎರಡು ಮೂರು ಮಾತು. ಅಕ್ಕಿ ಮನೆಯಲ್ಲೇ ತೊಳೆದು ಒಣಗಿಸಿ ಒಯ್ಯಿರಿ. ಕಾಗದದ ತಟ್ಟೆ ಸಾಕು, ನಾಚಿಕೆ ಬೇಡ. ಒಗ್ಗರಣೆ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ. ಪೆಟ್ರೋಲು ಕಾಲು ಟ್ಯಾಂಕಿಗೆ ಇಳಿಯಲು ಬಿಡಬೇಡಿ. ಕಿವಿಗೆ ಒಳ್ಳೆಯ ಮುಚ್ಚಳ ಕೊಳ್ಳಿ. ಪಕ್ಕದವರು ಪಾತ್ರೆ ಕೊಟ್ಟರೆ ಖಾಲಿ ಹಿಂದಿರುಗಿಸಬೇಡಿ.

ಜೂನ್‌ನಲ್ಲಿ ಚೆನ್ನೈಗೆ ವಾಪಸ್ ಬಂದೆವು. ಆ ವರ್ಷ ಮಳೆ ಕೈಕೊಟ್ಟಿತು. ಸೆಪ್ಟೆಂಬರಿಗೆ ಮತ್ತೆ ಕಾವೇರಿ ಸುದ್ದಿ, ಬೆಂಗಳೂರಿನಲ್ಲಿ ಮತ್ತೆ ಬಂದ್. ಕಾರಿಗೆ ಈಗ ಟಿಎನ್ ನಂಬರು ಬಂದಿದೆ. ಡ್ರಾಯರಿನಲ್ಲಿ ಹುಡುಕಿದರೆ ಹಳೆಯ ಸ್ಟಿಕ್ಕರ್ ಸಿಕ್ಕಿತು, ಅಂಟು ಒಣಗಿ ಮುದುರಿತ್ತು. ನೆಂಟರ ಕೈಲಿ ಹೊಸದೊಂದು ತರಿಸಿ, ಬೆಳಿಗ್ಗೆ ಹತ್ತು ಗಂಟೆಯ ಬೆಳಕಿನಲ್ಲಿ ಗಾಜಿಗೆ ಅಂಟಿಸುತ್ತಿದ್ದೆ. ಕೆಳಮನೆಯವರು ಪೇಪರ್ ಹಿಡಿದು ಹೊರಗೆ ಬಂದರು. ಸ್ಟಿಕ್ಕರ್ ನೋಡಿದರು, ನನ್ನನ್ನು ನೋಡಿದರು.

"ಓರೆಯಾಗಿದೆ ಸಾರ್. ಸರಿಯಾಗಿ ಅಂಟಿಸಿ" ಎಂದರು. ಆಮೇಲೆ ಮೆಟ್ಟಿಲ ಮೇಲೆ ನಿಂತು, ನಿಮ್ಮವರು ಈ ಸಲವೂ ನೀರು ಬಿಡಲಿಲ್ಲ ಎಂದು ಭಾಷಣ ಶುರು ಮಾಡಿದರು.